ನೋಟೀಸು ಬರುವ ಮುಂಚೆ

ಮನೆ ಮಾರಿದರೆ ಅರ್ಧ ಸಾಲ ತೀರುತ್ತದೆ. ಅರ್ಧ ತೀರಿದರೆ ಅದು ತೀರಿದ ಲೆಕ್ಕವೋ, ಉಳಿದ ಲೆಕ್ಕವೋ? ಕೋರ್ಟಿನ ಅರ್ಜಿಗೆ ಸಹಿ ಹಾಕಿಬಿಟ್ಟರೆ ಮನೆ ಉಳಿಯುತ್ತದೆ, ಮುಖ ಉಳಿಯುವುದಿಲ್ಲ. ಬಿದಿರಿನ ಅಡ್ಡಪಟ್ಟಿಗೆ ಹಗ್ಗ ಸುತ್ತುತ್ತ ಕದಿರೇಶ್ ಇದನ್ನೇ ತಿರುಗಿ ತಿರುಗಿ ಯೋಚಿಸುತ್ತಿದ್ದ. ಕೈ ತನ್ನ ಪಾಡಿಗೆ ಗಂಟು ಹಾಕುತ್ತಿತ್ತು.

“ಏನಪ್ಪಾ ಇದು?” ಚಟ್ಟದ ಆ ತುದಿ ಹಿಡಿದು ಕೂತಿದ್ದ ಮುದುಕ ಬಗ್ಗಿ ನೋಡಿದ. “ಇದು ಚಪ್ಪರದ ಗಂಟು. ಎಳೆದ್ರೆ ಬಿಚ್ಕೊಳ್ತದೆ. ನಿಮ್ಮಾವನ್ನ ಸಂಜೆ ವಾಪಸ್ ಕರ್ಕೊಂಡ್ ಬರ್ತೀಯಾ ಏನು?”

ಸುತ್ತ ನಿಂತವರು ನಕ್ಕರು. ಕದಿರೇಶ್ ನಾಚಿಕೊಂಡು ಗಂಟು ಬಿಚ್ಚಿದ. ಯಲ್ದೂರಿನ ಸುತ್ತಮುತ್ತ ಇಷ್ಟು ವರ್ಷ ಶಾಮಿಯಾನ ಕಟ್ಟಿ, ಮಾರನೆಯ ದಿನ ಬಿಚ್ಚಿ ಬದುಕಿದ ಕೈ ಅದು. ಬಿಚ್ಚಬಾರದ ಗಂಟು ಅದಕ್ಕೆ ಬರುತ್ತಿರಲಿಲ್ಲ.

ಮಾವ ಗಂಗುಲಪ್ಪ ಬೆಳಗಿನ ಜಾವ ಹೋಗಿದ್ದ. ಇನ್ನೂ ಸ್ನಾನ ಮಾಡಿಸಿರಲಿಲ್ಲ. ಅಷ್ಟರಲ್ಲೇ ತಾನು ಅವನ ಮನೆಗೆ ಬೆಲೆ ಕಟ್ಟುತ್ತಿದ್ದೇನೆ ಎಂಬುದು ಕದಿರೇಶನಿಗೆ ಹೊಳೆಯಿತು. ಮನೆ ಅತ್ತೆ ವೆಂಕಟರತ್ನಮ್ಮನ ಹೆಸರಿನಲ್ಲಿತ್ತು. ಒಬ್ಬಳೇ ಮಗಳು ರಜನಿ, ಕದಿರೇಶನ ಹೆಂಡತಿ. “ಅಮ್ಮನ್ನ ಕೇಳ್ಲಾ?” ಎಂದು ಹೋದ ವಾರ ಅವಳೇ ಅಂದಿದ್ದಳು. ಅವನು ಹೂಂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ.

ಕೋಲಾರದ ವಕೀಲರು ಇನ್ನೊಂದು ದಾರಿ ತೋರಿಸಿದ್ದರು. ಐಪಿ ಹಾಕುವುದು. ದಿವಾಳಿಯಾಗಿದ್ದೇನೆ ಎಂದು ಕೋರ್ಟಿಗೆ ಕೊಡುವ ಅರ್ಜಿಗೆ ಈ ಕಡೆ ಎಲ್ಲರೂ ಹೇಳುವ ಹೆಸರು ಅದೇ. “ಸಹಿ ಹಾಕಿ, ಒಂದೆರಡು ತಿಂಗಳು ಊರಲ್ಲಿರ್ಬೇಡಿ. ಫೋನ್ ಆಫ್ ಮಾಡ್ಕೊಳಿ. ನೋಟೀಸು ಮುಟ್ಟಿದ ದಿನ ಸಾಲ ಕೊಟ್ಟೋರು ಕೂಗಾಡ್ತಾರೆ, ಆಮೇಲೆ ಕೋರ್ಟಿಗೆ ಬರ್ತಾರೆ. ಎಲ್ಲರೂ ಹಂಗೇ ಮಾಡೋದು,” ಅಂದಿದ್ದರು. ಕದಿರೇಶ್ ಮದನಪಲ್ಲಿಯಲ್ಲಿ ಒಂದು ರೂಮು ಹೇಳಿಟ್ಟಿದ್ದ. ನಾಳೆ ಸಹಿ, ನಾಡಿದ್ದು ಬಸ್ಸು ಎಂದುಕೊಂಡಿದ್ದಾಗ ಮಾವ ತೀರಿಕೊಂಡ.

ಮದುವೆ ಮಂಟಪದ ಸೆಟ್ಟು, ಸೀರಿಯಲ್ ಲೈಟು, ಜನರೇಟರು ಎಲ್ಲ ಸಾಲದಲ್ಲಿ ತಂದದ್ದು. ತಂದ ವರ್ಷವೇ ದೇಶಕ್ಕೆಲ್ಲ ರೋಗ ಬಂದು ಮದುವೆಗಳು ನಿಂತವು. ಮದುವೆಗಳು ಮತ್ತೆ ಶುರುವಾಗುವ ಹೊತ್ತಿಗೆ ಛತ್ರದವರೇ ಎಲ್ಲ ಇಟ್ಟುಕೊಂಡಿದ್ದರು. ಹಳೇ ಸಾಲದ ಬಡ್ಡಿಗೆ ಹೊಸ ಸಾಲ ಮಾಡುತ್ತ ಬಂದ. ಹೋದ ತಿಂಗಳು ಫೈನಾನ್ಸಿನವರು ಕಂಬಗಳನ್ನೂ ಹೊತ್ತುಕೊಂಡು ಹೋದರು. ಈ ದಿನ ಮಾವನ ಮನೆ ಮುಂದಿನ ನೆರಳು ಆವಲಪ್ಪನದು. ಆವಲಪ್ಪನೂ ಶಾಮಿಯಾನದವನೇ. ಕದಿರೇಶನಿಗೆ ಎಲ್ಲರಿಗಿಂತ ಹೆಚ್ಚು ಸಾಲ ಕೊಟ್ಟವನೂ ಅವನೇ. ಬೆಳಿಗ್ಗೆ ಯಾರೂ ಹೇಳದೆ ಆಟೋದಲ್ಲಿ ಬಟ್ಟೆ, ಕಂಬ ಹಾಕಿಕೊಂಡು ಬಂದು ಕಟ್ಟಿ, ಒಂದು ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ.

ಮುದುಕನ ಹೆಸರು ಮುನಿಯಲ್ಲಪ್ಪ, ಪಕ್ಕದ ಹಳ್ಳಿಯವನು. ಚಟ್ಟ ಕಟ್ಟಿ ಮುಗಿಸಿ ಮಂಡಿ ಹಿಡಿದುಕೊಂಡು ಎದ್ದು, ಹೆಣದ ತಲೆಯ ಕಡೆ ಕೂತಿದ್ದ ವೆಂಕಟರತ್ನಮ್ಮನ ಮುಂದೆ ಹೋಗಿ ನಿಂತ.

“ಬಂದ್ಯಾ ಅಣ್ಣಾ,” ಅಂದಳು ಅವಳು. ಅತ್ತು ಅತ್ತು ದನಿ ಕಟ್ಟಿತ್ತು. “ಇನ್ಮೇಲೆ ನಿನ್ನ ಬಾಯಿಗೆ ಕೆಲಸ ಇಲ್ಲ ನೋಡು.”

“ಅದೇ ಕಣಮ್ಮಾ. ಇನ್ನ ಯಾರನ್ನ ಬೈಲಿ?”

ಕದಿರೇಶ್ ಅವನಿಗೊಂದು ಲೋಟ ಟೀ ತಂದುಕೊಟ್ಟ. “ಮಾವನ್ನ ಯಾಕ್ ಬೈತಿದ್ರಿ ತಾತ?”

“ಗೊತ್ತಿಲ್ವಾ ನಿಂಗೆ?” ಮುದುಕ ಲೋಟದ ಮೇಲಿಂದ ಅವನನ್ನು ದಿಟ್ಟಿಸಿದ. “ನಿಮ್ಮಾವ ಐಪಿ ಹಾಕಿದ್ನಲ್ಲೋ. ನನ್ನ ಒಂದು ಬೆಳೆ ಕಡ್ಲೇಕಾಯಿ ಮುಳುಗ್ತು.”

ಕದಿರೇಶನಿಗೆ ಗೊತ್ತಿರಲಿಲ್ಲ. ಮಾವನಿಗೆ ಹಿಂದೆ ಎಣ್ಣೆ ಮಿಲ್ಲಿತ್ತು ಎಂದು ಕೇಳಿದ್ದ. ಅದನ್ನು ಮಾರಿ, ಆಮೇಲೆ ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ತೂಕ ಹಾಕುವ ಕೆಲಸಕ್ಕೆ ಸೇರಿದ ಎಂದಷ್ಟೇ ತಿಳಿದಿದ್ದ. ಆ ಮನೆಯಲ್ಲಿ ಆ ಮಾತು ಬಂದದ್ದೇ ಇಲ್ಲ. ಅವನೂ ಕೇಳಿರಲಿಲ್ಲ.

*

ಆಗ ಗಂಗುಲಪ್ಪನ ಮಿಲ್ಲಿಗೆ ರೈತರು ಕಡಲೆಕಾಯಿ ಸುರಿದು ಹೋಗುವರು, ಎಣ್ಣೆ ಮಾರಿದ ಮೇಲೆ ಅವನು ದುಡ್ಡು ಕೊಡುವನು. ಒಂದು ವರ್ಷ ಅಂಗಡಿಗಳ ತುಂಬ ಅಗ್ಗದ ತಾಳೆ ಎಣ್ಣೆ ಬಂದು ಕೂತಿತು. ಮರುವರ್ಷ ಅವನ ಡಬ್ಬಗಳನ್ನು ಮೂಸಿ ನೋಡುವವರೂ ಇಲ್ಲವಾದರು.

ಮುನಿಯಲ್ಲಪ್ಪನ ಅಂಗಳಕ್ಕೆ ಅವನು ಸೈಕಲ್ಲಿನಲ್ಲಿ ಬಂದ. ಸೈಕಲ್ಲು ನಿಲ್ಲಿಸಿ, ಚಪ್ಪಲಿ ಬಿಟ್ಟು, ಅಂಗಳದ ಮಧ್ಯೆ ನಿಂತ.

“ನಾಳೆ ಕೋಲಾರದ ಕೋರ್ಟಲ್ಲಿ ಐಪಿ ಹಾಕ್ತೀನಿ. ನಿನ್ನ ಹೆಸರೂ ಅದ್ರಾಗದೆ. ನೋಟೀಸು ಬರ್ತದೆ. ಪೋಸ್ಟ್‌ಮ್ಯಾನ್ ಬಾಯಿಂದ ಗೊತ್ತಾಗೋದ್ ಬೇಡ ಅಂತ ನಾನೇ ಬಂದೆ.”

ಮುನಿಯಲ್ಲಪ್ಪನ ಹೆಂಡತಿ ಪೊರಕೆ ಹಿಡಿದು ಹೊರಗೆ ಬಂದಳು. ಮಗಳ ಮದುವೆಗೆ ಆ ಕಾಯಿಯನ್ನೇ ನಂಬಿದ್ದರು. ಅವಳು ಅವನ ತಾಯಿಯಿಂದ ಶುರುಮಾಡಿ ಏಳು ತಲೆಮಾರು ಎಳೆದಳು. ಮುನಿಯಲ್ಲಪ್ಪ ಅಂಗಿ ಹಿಡಿದು ಜಗ್ಗಿದ, ಜೇಬು ಹರಿಯಿತು. ಗಂಗುಲಪ್ಪ ಕೈ ಎತ್ತಲಿಲ್ಲ, ಕೈ ಮುಗಿಯಲೂ ಇಲ್ಲ. ಬೈದು ಬೈದು ಗಂಟಲು ಒಣಗಿ ಅವಳೇ ನೀರು ಕುಡಿಯಲು ಒಳಗೆ ಹೋದಳು. ಬರುವಾಗ ಅವನಿಗೂ ಒಂದು ಚೊಂಬು ತಂದು ಕಟ್ಟೆಯ ಮೇಲೆ ಕುಕ್ಕಿದಳು. ಅವನು ಕುಡಿದು, ಚೊಂಬು ಬೋರಲು ಹಾಕಿ, ಸೈಕಲ್ಲು ಹತ್ತಿದ.

“ಎಲ್ಲಿಗ್ಲಾ ಹೊರಟೆ?” ಎಂದು ಮುನಿಯಲ್ಲಪ್ಪ ಕೂಗಿದ.

“ಮುಂದಿನ್ ಮನೆಗೆ.”

*

“ದುಡ್ಡು ಬಂತಾ ತಾತ, ಆಮೇಲೆ?” ಕದಿರೇಶ್ ಕೇಳಿದ. ಒಳಗೆ ಹೆಣಕ್ಕೆ ನೀರು ಹುಯ್ಯುತ್ತಿದ್ದರು.

“ಎಲ್ ಬರ್ತದೆ? ಮಿಲ್ಲು ಹರಾಜಾಗಿ ನನ್ನ ಪಾಲಿಗೆ ಬಂದಿದ್ದು ಮಗಳಿಗೆ ಒಂದು ಸೀರೆಗಾಯ್ತು. ಮದುವೆ ಮುಂದಕ್ಕೆ ಹೋಯ್ತು. ಅದನ್ನ ನಾನು ಮರ್ತಿಲ್ಲ. ಮರೆಯೋದೂ ಇಲ್ಲ.”

“ಮತ್ತೆ ಯಾಕ್ ಬಂದ್ರಿ?”

ಮುದುಕ ಟೀಯ ತಳದ ಗಸಿಯನ್ನು ನೆಲಕ್ಕೆ ಚೆಲ್ಲಿದ. “ನಂಗೆ ಟೋಪಿ ಹಾಕಿದೋರು ಸುಮಾರು ಜನ ಅವ್ರೆ ಕಣಪ್ಪ. ಒಬ್ಬ ತಿರುಪತೀಲಿ ಅವ್ನೆ, ಒಬ್ಬ ಹೊಸೂರಲ್ಲಿ. ಮುಖ ಹೆಂಗಿತ್ತು ಅಂತಾನೂ ಮರ್ತುಹೋಗದೆ. ಇವನೊಬ್ಬ ಇಲ್ಲೇ ಇದ್ದ. ಬಸ್‌ಸ್ಟ್ಯಾಂಡಲ್ಲಿ ನನ್ನ ಕಂಡ್ರೆ ಆ ಕಡೆ ಈ ಕಡೆ ಹೋಗ್ಬೋದಾಗಿತ್ತು. ಹೋಗ್ತಿರ್ಲಿಲ್ಲ. ಸೀದಾ ಬರೋನು. ನಾನು ಬೈಯೋನು. ಪೂರ್ತಿ ಕೇಳಿಸ್ಕೊಂಡು, ‘ಟೀ ಕುಡೀತೀಯಾ’ ಅನ್ನೋನು. ಆಮೇಲಾಮೇಲೆ ಏನಾಯ್ತು ಅಂದ್ರೆ, ಇವನನ್ನ ಬೈದೇ ಇದ್ರೆ ಸಂತೆಗೆ ಹೋಗ್ಬಂದಂಗೇ ಆಗ್ತಿರ್ಲಿಲ್ಲ.” ಅವನು ಟವೆಲ್ಲಿನಿಂದ ಮೂಗು ಒರೆಸಿಕೊಂಡ. “ನನ್ನ ಹೆಂಡ್ತಿ ಆಸ್ಪತ್ರೇಲಿ ಬಿದ್ದಾಗ ರಾತ್ರಿಯೆಲ್ಲ ಬಾಗ್ಲಲ್ಲಿ ಕೂತಿದ್ದೋನು ಇವನೇ. ಅವಳು ಪೊರಕೆ ಹಿಡಿದಿದ್ಲಲ್ಲ, ಅವಳು.”

*

ಹತ್ತು ದಿನದ ಹಿಂದೆ ಕೋಲಾರದ ಆಸ್ಪತ್ರೆಯಲ್ಲಿ ಗಂಗುಲಪ್ಪ ಅಳಿಯನ ಕೈ ಹಿಡಿದುಕೊಂಡು ಮಲಗಿದ್ದ. ರಜನಿ ಮಾತ್ರೆ ತರಲು ಕೆಳಗೆ ಹೋಗಿದ್ದಳು.

“ಅಂಗಡಿ ಹೆಂಗದೆ?”

“ನಡೀತದೆ ಮಾವ.”

ಗಂಗುಲಪ್ಪ ಅವನ ಮುಖವನ್ನೇ ನೋಡಿದ. ಮೇಲೆ ಫ್ಯಾನು ಕಿರ್ರೆನ್ನುತ್ತ ತಿರುಗುತ್ತಿತ್ತು. ಅವನು ಏನನ್ನೋ ಕಾಯುತ್ತಿದ್ದ ಹಾಗಿತ್ತು.

“ಸಾಲಗೀಲ ಏನಾದ್ರೂ ಆಗದಾ?”

“ಇಲ್ಲ ಮಾವ.”

ಆಮೇಲೆ ಗಂಗುಲಪ್ಪ ಕಣ್ಣು ಮುಚ್ಚಿಕೊಂಡು ಅಂದ: “ಯಾರಾದ್ರೂ ಬೈದ್ರೆ ನಿಂತ್ಕೊಂಡ್ ಕೇಳಿಸ್ಕೋ. ಕಿವಿಗೇನೂ ಗಾಯ ಆಗಲ್ಲ.”

ಜ್ವರ ನೆತ್ತಿಗೇರಿದೆ ಎಂದುಕೊಂಡು ಕದಿರೇಶ್ ನರ್ಸನ್ನು ಕರೆದಿದ್ದ.

*

ಮೆರವಣಿಗೆ ಕೆರೆಯಂಗಳದ ಕಡೆ ಹೊರಟಿತು. ಮುಂದೆ ತಮಟೆ, ಹಿಂದೆ ಪುರಿ ಚೆಲ್ಲುವವರು. ದಾರಿಯ ನಡುವೆ ಹುಣಸೆಮರದ ಕೆಳಗೆ ಒಂದು ಚಪ್ಪಡಿ ಕಲ್ಲು. ಯಾರ ಹೆಣವಾದರೂ ಅಲ್ಲಿ ಇಳಿಸಿ, ಕಿವಿಯಲ್ಲಿ ಮೂರು ಸಲ ಹೆಸರು ಹಿಡಿದು ಕರೆಯಬೇಕು. ಜೀವ ಎಲ್ಲಾದರೂ ಉಳಿದಿದ್ದರೆ ಓಗೊಡಲಿ ಎಂದು. ಅಲ್ಲಿಂದ ಹೆಂಗಸರು ಹಿಂದಿರುಗುತ್ತಾರೆ.

ಕರೆಯಬೇಕಾದವನು ಮಗ. ಮಗನಿರಲಿಲ್ಲ. ಎಲ್ಲರೂ ಅಳಿಯನ ಕಡೆ ನೋಡಿದರು. ಕದಿರೇಶ್ ಮಂಡಿಯೂರಿ ಬಗ್ಗಿದ. ವಿಭೂತಿಯ ವಾಸನೆ ಬಂತು. “ಮಾವ,” ಅಂದ. ಮುಂದಕ್ಕೆ ಬರಲಿಲ್ಲ.

“ಹೆಸರಿಡಿದು ಕರೀಬೇಕಪ್ಪಾ,” ಅಂದರು ಯಾರೋ. ಅವನು ಎಂದೂ ಬಾಯಲ್ಲಿ ಆ ಹೆಸರು ಆಡಿರಲಿಲ್ಲ. ಊರಿನಲ್ಲಿ ಗಂಗುಲಪ್ಪನನ್ನು ಹೆಸರು ಹಿಡಿದು ಕರೆಯುತ್ತಿದ್ದವರು ಒಬ್ಬೊಬ್ಬರಾಗಿ ಹೋಗಿಬಿಟ್ಟಿದ್ದರು.

“ಸರ್ಕೋ ಇತ್ಲಾಗೆ,” ಎಂದು ಮುನಿಯಲ್ಲಪ್ಪ ಕೋಲು ಊರಿಕೊಂಡು ಕೂತ. ತಮಟೆ ನಿಂತಿತು. ಅವನು ಮೊದಲು ತೆಲುಗಿನಲ್ಲಿ ಕರೆದ.

“ಒರೇ ಗಂಗುಲೂ, ಲೇರಾ.”

ಮರದ ಮೇಲೆ ಒಂದು ಕಾಗೆ ಜಾಗ ಬದಲಿಸಿತು.

“ಗಂಗುಲೂ, ಏಳೋ.”

ಮೂರನೆಯ ಸಲಕ್ಕೆ ಅವನ ದನಿ ಸೀಳಿತು. “ಏಳೋ ಲೇ! ಎದ್ದು ನನ್ನ ಕಡ್ಲೇಕಾಯಿ ದುಡ್ಡು ಕೊಡೋ!”

ಸೆರಗು ಬಾಯಿಗೆ ಒತ್ತಿಕೊಂಡಿದ್ದ ವೆಂಕಟರತ್ನಮ್ಮ ಫಕ್ಕನೆ ನಕ್ಕಳು. ನಗು ಅಲ್ಲಿಂದಲೇ ಅಳುವಾಯಿತು. ರಜನಿ ತಾಯಿಯನ್ನು ತಬ್ಬಿ ಹಿಡಿದಳು. ಮುನಿಯಲ್ಲಪ್ಪ ತನ್ನ ಕಿವಿಯನ್ನು ಹೆಣದ ಬಾಯಿಯ ಹತ್ತಿರ ಇಟ್ಟು ಸ್ವಲ್ಪ ಹೊತ್ತು ಹಾಗೇ ಇದ್ದ.

“ಬರಲ್ವಂತೆ,” ಅಂದ. “ಎತ್ರಪ್ಪಾ.”

*

ಮಣ್ಣು ಮುಗಿಸಿ ಎಲ್ಲರೂ ಹತ್ತಿರದ ತೋಟದ ಪಂಪಿನ ನೀರಿನಲ್ಲಿ ಕೈಕಾಲು ತೊಳೆಯುತ್ತಿದ್ದರು. ಆವಲಪ್ಪ ಪಂಚೆ ಮೇಲೆತ್ತಿಕೊಂಡು ಕದಿರೇಶನ ಪಕ್ಕಕ್ಕೆ ಬಂದ. ದನಿ ತಗ್ಗಿಸಿ ಅಂದ:

“ಹಾಲು ತುಪ್ಪದ ಕಾರ್ಯ ಆಗ್ಲಿ. ಆಮೇಲೆ ಕೂತು ಮಾತಾಡಣ. ಮನೆ ಹೆಂಗೂ ರಜನಿಗೇ ಬರೋದಲ್ವಾ.”

“ಅದು ಅತ್ತೆ ಮನೆ ಅಣ್ಣ. ಅದಕ್ಕೆ ಕೈ ಹಾಕಲ್ಲ.”

“ಮತ್ತೆ?”

ನೀರು ಕಾಲ ಮೇಲೆ ಹರಿದು ಹೋಗುತ್ತಿತ್ತು. ಕದಿರೇಶನಿಗೆ ಹಿಂದಕ್ಕೆ ಒಂದು ಹೆಜ್ಜೆ ಇಡಬೇಕೆನಿಸಿತು. ಇಡಲಿಲ್ಲ.

“ನಾನು ಐಪಿ ಹಾಕ್ತೀನಿ ಅಣ್ಣ. ನಿಮ್ಮ ಹೆಸರೂ ಅದೆ. ನೋಟೀಸು ಬರ್ತದೆ. ಅದಕ್ಕೆ ಮುಂಚೆ ನಾನೇ ಹೇಳ್ಬೇಕು ಅನ್ನಿಸ್ತು.”

“ಏನ್ಲಾ ಅಂದೆ?”

ಅವನು ಮತ್ತೆ ಅದನ್ನೇ ಹೇಳಿದ. ಆವಲಪ್ಪನ ಮುಖ ಕಪ್ಪಿಟ್ಟಿತು.

“ನಿಮ್ಮಾವನ ಮಣ್ಣಿಗೆ ಬಂದಿದ್ದೀನಿ ಕಣೋ ನಾನು! ಬಾಡಿಗೆ ಕೇಳ್ದೆ ಶಾಮಿಯಾನ ಹಾಕಿದ್ದೀನಿ! ನಂಗೇನ್ ಮಕ್ಳಿಲ್ವಾ? ನನ್ನ ಮಗಳ ಕಾಲೇಜ್ ಫೀಜು ಯಾರೋ ಕಟ್ಟೋರು, ನಿನ್ನ ಕೋರ್ಟಾ?” ತೋಟದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಆವಲಪ್ಪ ನಿಲ್ಲಿಸಲಿಲ್ಲ. ಕಳ್ಳ ಅಂದ, ನಂಬಿಸಿ ಕತ್ತು ಕೊಯ್ದೆ ಅಂದ, ಅದಕ್ಕಿಂತ ಕೆಟ್ಟದ್ದೂ ಅಂದ. ಬದುವಿನ ಮೇಲೆ ಕೂತಿದ್ದ ಮುನಿಯಲ್ಲಪ್ಪ ಬಿಡಿಸಲು ಬರಲಿಲ್ಲ. ಬಿಡಿಸಲು ಎದ್ದ ಒಬ್ಬನನ್ನು ಕೋಲು ಅಡ್ಡ ಹಿಡಿದು ಕೂರಿಸಿದ.

ಕೊನೆಗೆ ಆವಲಪ್ಪನ ಉಸಿರು ಸೋತಿತು.

“ಯಾವಾಗ್ ಓಡ್ಹೋಗ್ತೀಯಾ ಊರು ಬಿಟ್ಟು?”

“ಹೋಗಲ್ಲ ಅಣ್ಣ. ಇಲ್ಲೇ ಇರ್ತೀನಿ.”

“ಸಿಕ್ಕಿದ್ ಕಡೆ ಬೈತೀನಿ. ಹೆಂಡ್ತಿ ಮಕ್ಕಳ ಮುಂದೆ ಬೈತೀನಿ.”

“ಬೈರಿ.”

ಆವಲಪ್ಪ ಅವನನ್ನೇ ನೋಡಿದ. ಆಮೇಲೆ ಬಗ್ಗಿ ಬೊಗಸೆ ನೀರು ಮುಖಕ್ಕೆ ಹಾಕಿಕೊಂಡು, ರಸ್ತೆಯ ಕಡೆ ನಡೆದುಬಿಟ್ಟ.

ಕದಿರೇಶನ ಎದೆಯಲ್ಲಿ ಬಹಳ ದಿನದಿಂದ ಮುಚ್ಚಿದ್ದ ಯಾವುದೋ ಕಿಟಕಿ ತೆಗೆದ ಹಾಗಿತ್ತು. ಅದನ್ನು ತೆಗೆದುಕೊಟ್ಟವನು ಈಗಷ್ಟೇ ಮುಚ್ಚಿದ ಹಸಿ ಮಣ್ಣಿನ ಕೆಳಗಿದ್ದ. ಕದಿರೇಶ್ ಆ ಕಡೆ ತಿರುಗಿ, ಒದ್ದೆ ಕೈಯಲ್ಲೇ ಒಂದು ಸಲ ಕೈ ಮುಗಿದ.

ಪಂಪಿನ ಆಚೆ ಅವನಿಗೆ ಸಾಲ ಕೊಟ್ಟವರು ಇನ್ನೂ ಇಬ್ಬರು ನಿಂತಿದ್ದರು. ಅವನು ಅವರ ಕಡೆ ನಡೆದ. ಅವರಿಗೆ ಹೇಳಿದ. ಮಾರನೆಯ ದಿನ ಕೋಲಾರಕ್ಕೆ ಹೋಗಿ ಸಹಿ ಹಾಕುವ ಮುಂಚೆ ಉಳಿದವರ ಬಾಗಿಲಿಗೂ ಹೋಗಿ ಹೇಳಿದ. ಸಾಲವಾಗಿದೆಯಾ ಎಂದು ತಾನಾಗಿ ಕೇಳಿದ್ದ ಒಬ್ಬನಿಗೆ ಮಾತ್ರ, ಹೌದು ಮಾವ ಎಂದು ಅವನು ಹೇಳಿರಲಿಲ್ಲ.