ಹಗೇವಿಗೆ ಇಳಿಸಿದ ದೀಪ

ಹೊಳೆಹೊನ್ನೂರಿನಲ್ಲಿ ನಮ್ಮ ಪಕ್ಕದ ಮನೆ ಕರಿಯಪ್ಪನವರದು. ಅವರ ಅಂಗಳದಲ್ಲಿ ಒಂದು ಹಗೇವು ಇತ್ತು. ಹಗೇವು ಅಂದರೆ ಹಿಂದಿನವರು ಜೋಳ ತುಂಬಿಡಲು ನೆಲದೊಳಗೆ ತೋಡಿದ ಗುಂಡಿ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಒಳಗೆ ಮಾತ್ರ ಒಂದು ಕೋಣೆಯಷ್ಟು ಜಾಗ. ನಾಲೆ ನೀರು ಬಂದು ಊರೆಲ್ಲ ಭತ್ತ ಬೆಳೆಯತೊಡಗಿದ ಮೇಲೆ ಅದು ಖಾಲಿ ಬಿದ್ದಿತ್ತು. "ಮುಚ್ಚಿಸ್ರೀ, ಮಕ್ಕಳು ಮರಿ ಓಡಾಡೋ ಜಾಗ" ಎಂದು ನಾನೇ ಹತ್ತು ಸಲ ಹೇಳಿದ್ದೆ. ಕರಿಯಪ್ಪ ಅದರ ಬಾಯಿಗೊಂದು ಚಪ್ಪಡಿ ಎಳೆದು ಸುಮ್ಮನಾಗಿದ್ದರು.

ನಾನು ದಾಕ್ಷಾಯಣಿ. ನಮ್ಮ ಸ್ವಸಹಾಯ ಸಂಘದಲ್ಲಿ ಓದಿ ಹೇಳಲೆಂದು ಇದನ್ನು ಬರೆದೆ. ನಡೆದದ್ದು ಎರಡು ಸಾವಿರದ ಎಂಟರ ಮಾರ್ಚ್ ತಿಂಗಳಲ್ಲಿ.

ಕೆಮ್ಮಣ್ಣುಗುಂಡಿ ದಾರಿಯ ಗುಡ್ಡದ ಮೇಲೆ ಕರಿಯಪ್ಪನಿಗೂ ಅವರ ತಮ್ಮ ಆನಂದನಿಗೂ ಸೇರಿ ಒಂದಿಷ್ಟು ಜಮೀನಿದೆ. ಅಲ್ಲಿ ಬೇಸಿಗೆಯಲ್ಲೂ ಬೆಳಿಗ್ಗೆ ಸ್ವೆಟರ್ ಬೇಕು. ಅಣ್ಣತಮ್ಮ ಸೇರಿ ದ್ರಾಕ್ಷಿ ಹಾಕಿದರು. ತಿನ್ನುವ ದ್ರಾಕ್ಷಿಯಲ್ಲ, ವೈನಿನದು. ಕಾಳು ಸಣ್ಣ, ಸಿಪ್ಪೆ ದಪ್ಪ, ಸಿಹಿ ಮಾತ್ರ ನಾಲಿಗೆಗೆ ಅಂಟುವಷ್ಟು. ಹಗಲು ಬಿಸಿಲು, ರಾತ್ರಿ ಚಳಿ ಎರಡೂ ಸಿಕ್ಕಿ ಮೂರನೇ ವರ್ಷಕ್ಕೆ ಗೊಂಚಲು ಜೋತಾಡಿದವು. ಓಡಾಡಿ ವೈನ್ ಮಾಡಲು ಪರವಾನಗಿಯನ್ನೂ ತಂದರು. ಆದರೆ ಗುಡ್ಡದ ಮೇಲಿನ ಶೆಡ್ಡಿಗೆ ಇನ್ನೂ ಸೂರು ಬಿದ್ದಿರಲಿಲ್ಲ. ಹಣ್ಣು ಕಾಯುತ್ತದೆಯೇ? ಕೊಯ್ದು ಹೊಳೆಹೊನ್ನೂರಿಗೇ ತಂದರು.

ಇಲ್ಲಿ ಸೆಕೆ. ರಸ ಹುಳಿಯುವಾಗ ತಂಪು ಇರಬೇಕು, ಇಲ್ಲದಿದ್ದರೆ ಕೆಡುತ್ತದೆ ಎಂದು ತರಬೇತಿಯಲ್ಲಿ ಹೇಳಿದ್ದರಂತೆ. ಕರಿಯಪ್ಪ ಒಂದು ದಿನ ಯೋಚಿಸಿದರು. ಮರುದಿನ ಹೆಂಡತಿ ಹಾಲಮ್ಮನನ್ನು ಕರೆದು, "ಫ್ರಿಜ್ಜು ನಮ್ಮ ಅಂಗಳದಲ್ಲೇ ಇದೆಯಲ್ಲ ಮಾರಾಯ್ತಿ!" ಎಂದು ಚಪ್ಪಡಿ ಸರಿಸಿದರು. ಹಿಸುಕಿದ ಹಣ್ಣು ತುಂಬಿದ ಮೂರು ಡ್ರಮ್ಮುಗಳು ಹಗ್ಗದಲ್ಲಿ ಹಗೇವಿಗೆ ಇಳಿದವು. ಡ್ರಮ್ಮುಗಳ ಬಾಯಿಗೆ ತೆಳು ಬಟ್ಟೆ ಕಟ್ಟಿದ್ದರು. ಸಿಪ್ಪೆ ಮೇಲೆ ತೇಲುತ್ತದೆ ನೋಡಿ, ಅದನ್ನು ದಿನಕ್ಕೆರಡು ಸಲ ಅದುಮಬೇಕು. ಕರಿಯಪ್ಪ ಏಣಿ ಇಟ್ಟುಕೊಂಡು ಇಳಿದು ಹತ್ತುತ್ತಿದ್ದರು. ಊರಿನವರೆಲ್ಲ ಬಂದು ನೋಡಿ, ಭಲೇ ಎಂದು ಹೋದರು.

ಮೂರನೇ ದಿನಕ್ಕೆ ರಸ ಬುಸುಗುಟ್ಟತೊಡಗಿತು. ಅಂದು ಸಂಜೆ ನಾನೂ ಹಾಲಮ್ಮನೂ ಕಟ್ಟೆಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದೆವು. ಕರಿಯಪ್ಪ ಹಗೇವಿನಿಂದ ಮೇಲೆ ಬಂದವರು ಗೋಡೆ ಹಿಡಿದು ನಿಂತರು. ಹಣೆಯೆಲ್ಲ ಬೆವರು.

"ಏನ್ ಕರಿಯಪ್ಪಣ್ಣ, ರುಚಿ ನೋಡ್ಕಂಡೇ ಬಂದ್ರಾ?" ಎಂದೆ ನಾನು.

"ಬಾಯಿಗೆ ಹಾಕ್ಲಿಲ್ಲ ಕಣ್ರೀ. ವಾಸನೆಗೇ ತಲೆಗೇರಿಬಿಡ್ತು" ಎಂದರು ಅವರು.

"ಖರ್ಚಿಲ್ದೆ ಅಮಲು! ಒಳ್ಳೇದಾಯ್ತು ಬಿಡಿ" ಎಂದಳು ಹಾಲಮ್ಮ. ಮೂವರೂ ಹೊಟ್ಟೆ ಹಿಡಿದು ನಕ್ಕೆವು.

ಕರಿಯಪ್ಪನ ತಾಯಿ ಕಾಶಮ್ಮ ಮಾತ್ರ ನಗಲಿಲ್ಲ. ಎಪ್ಪತ್ತೈದು ದಾಟಿದ ಮುದುಕಿ. ಬಾಗಿಲಲ್ಲಿ ಕೂತವರು ಕೇಳಿದರು:

"ದೀಪ ಇಳಿಸಿ ನೋಡಿದ್ಯೇನೋ?"

"ಅದು ಜೋಳದ ಕಾಲದ್ದು ಅವ್ವ. ವರ್ಷಗಟ್ಲೆ ಮುಚ್ಚಿಟ್ಟಿದ್ದಾಗ ಸರಿ. ನಾನು ದಿನಾ ಇಳೀತಾ ಇದೀನಲ್ಲ?"

ಆ ಸಂಜೆ ಬೆಕ್ಕು ಬಿದ್ದೀತೆಂದು ಹಗೇವಿನ ಬಾಯಿಗೆ ಚಪ್ಪಡಿ ಎಳೆದರು.

ಮರುದಿನ ಬೆಳಿಗ್ಗೆ ಶಿವಮೊಗ್ಗದಿಂದ ಪ್ರಿಯದರ್ಶಿನಿ ಬಂದಳು. ವಿನೋಬನಗರದ ಹುಡುಗಿ, ತೋಟಗಾರಿಕೆ ಇಲಾಖೆಯಲ್ಲಿ ಸಹಾಯಕಿ. ರಸದಲ್ಲಿ ಎಷ್ಟು ಸಕ್ಕರೆ ಉಳಿದಿದೆ ಎಂದು ಅಳೆಯಲು ಗಾಜಿನ ಕೊಳವೆ ತಂದಿದ್ದಳು. ಮನೆಯೆಲ್ಲ ಹುಡುಕಿ, "ಡ್ರಮ್ ಎಲ್ಲಿ ಕರಿಯಪ್ಪನವ್ರೇ?" ಎಂದು ಕೇಳಿದಳು.

"ಬನ್ನಿ, ತೋರಿಸ್ತೀನಿ" ಎಂದು ಅವರು ಹೆಮ್ಮೆಯಿಂದ ಚಪ್ಪಡಿ ಸರಿಸಿ ಏಣಿಗೆ ಒಂದು ಕಾಲು ಇಟ್ಟೇಬಿಟ್ಟರು.

ಹುಡುಗಿ ಓಡಿಹೋಗಿ ಅವರ ರಟ್ಟೆ ಹಿಡಿದಳು. "ಇಳೀಬೇಡಿ! ಮೇಲ್ ಬನ್ನಿ, ಮೊದ್ಲು ಮೇಲ್ ಬನ್ನಿ."

"ಯಾಕಮ್ಮ? ಹಾವಿಲ್ಲ, ಚೇಳಿಲ್ಲ. ಇರೋದು ದ್ರಾಕ್ಷಿ ರಸ. ಮಕ್ಕಳು ತಿನ್ನೋ ಹಣ್ಣಲ್ಲಿ ವಿಷ ಎಲ್ಲಿಂದ ಬರುತ್ತೆ?"

"ರಸ ಬುಸುಗುಡ್ತಾ ಇದೆಯಲ್ಲ, ಆ ಗುಳ್ಳೆ ಏನು ಅಂತ ತಿಳ್ಕಂಡಿದೀರಿ? ಸಕ್ಕರೆ ಹುಳಿಯುವಾಗ ಹುಟ್ಟೋ ಅನಿಲ ಅದು. ಬಣ್ಣ ಇಲ್ಲ, ಕಣ್ಣಿಗೆ ಕಾಣಲ್ಲ. ಗಾಳಿಗಿಂತ ಭಾರ. ಗುಡ್ಡದ ಶೆಡ್ಡಲ್ಲಿ ಆಗಿದ್ರೆ ಬಾಗಿಲು ಕಿಟಕೀಲಿ ಹರಿದು ಹೋಗ್ತಿತ್ತು. ಹಗೇವಲ್ಲಿ ಎಲ್ಲಿಗೆ ಹೋಗುತ್ತೆ? ನೀರು ನಿಂತ ಹಾಗೆ ತಳದಲ್ಲಿ ನಿಲ್ಲುತ್ತೆ. ಅದರೊಳಗೆ ಇಳಿದವ್ರು ನಾಲ್ಕು ಉಸಿರಿಗೇ ಬಿದ್ದುಬಿಡಬಹುದು, ಕೂಗೋಕೂ ಆಗಲ್ಲ."

"ನಿನ್ನೆ ಇಳಿದು ಬಂದೆ. ಸತ್ನಾ?"

"ತಲೆ ತಿರುಗ್ಲಿಲ್ವಾ?"

ಕರಿಯಪ್ಪ ಏಣಿಯಿಂದ ಕಾಲು ತೆಗೆದರು. ಹಾಲಮ್ಮ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.

ಅಷ್ಟರಲ್ಲಿ ಕಾಶಮ್ಮ ಲಾಟೀನು ಹಚ್ಚಿಕೊಂಡು ಬಂದರು. ಹಗ್ಗ ಕಟ್ಟಿ, ಬಾಯಂಚಿನಿಂದ ದೂರವೇ ಕೂತು ಮೆಲ್ಲಗೆ ಇಳಿಸಿದರು. ಏಣಿಯ ಮೂರನೇ ಮೆಟ್ಟಿಲ ಹತ್ತಿರ ಕುಡಿ ಸಣ್ಣದಾಯಿತು. ಐದನೆಯದಕ್ಕೆ ಆರಿಹೋಯಿತು. ಗಾಳಿ ಬೀಸಿದ್ದಲ್ಲ, ಅಂಗಳದ ಒಂದು ಎಲೆಯೂ ಅಲುಗಿರಲಿಲ್ಲ. ಎಳೆದು ಮತ್ತೆ ಹಚ್ಚಿ ಇಳಿಸಿದರು. ಮತ್ತೆ ಅಲ್ಲೇ ಆರಿತು.

ಕಾಶಮ್ಮ ಹಗ್ಗ ಸುತ್ತುತ್ತ ಹೇಳಿದರು: "ತವರಲ್ಲಿ ನಮ್ಮಣ್ಣ ಮಾರಪ್ಪ ಹೀಗೇ ಹಗೇವಿಗೆ ಇಳಿದಿದ್ದ, ಜೋಳ ತೆಗೆಯೋಕೆ. ಬಿದ್ದ. ಅವನನ್ನ ಎತ್ತೋಕೆ ನಮ್ಮಪ್ಪ ಇಳಿದ. ಇಬ್ರನ್ನೂ ಹಗ್ಗ ಹಾಕಿ ಎಳೆದ್ರು, ಇಬ್ರಲ್ಲೂ ಜೀವ ಇರ್ಲಿಲ್ಲ. ನನಗಾಗ ಒಂಬತ್ತು ವರ್ಷ."

ಮಗನಿಗೂ ಅವರು ಇದನ್ನು ಈ ಮೊದಲು ಹೇಳಿರಲಿಲ್ಲವಂತೆ. ದೀಪ ಇಳಿಸಬೇಕು ಎಂದಷ್ಟೇ ಹೇಳುತ್ತಿದ್ದರು.

"ಅಜ್ಜಿ ಮಾಡಿದ್ದು ಸರಿ" ಎಂದಳು ಪ್ರಿಯದರ್ಶಿನಿ. "ದೀಪ ಆರಿದ್ರೆ ಅಲ್ಲಿ ಸಾವಿದೆ ಅಂತಾನೇ ಅರ್ಥ. ಆದ್ರೆ ದೀಪ ಉರಿದ್ರೂ ನಂಬ್ಕಂಡು ಇಳೀಬೇಡಿ. ದೀಪ ಆರೋದಕ್ಕೆ ಮುಂಚೇನೇ ತಲೆ ತಿರುಗೋಕೆ ಶುರುವಾಗುತ್ತೆ. ಹುಳಿಯೋ ರಸಾನ ಗುಂಡೀಲಿ ಇಡಲೇಬಾರದು."

ಇಳಿಸಿದ್ದ ಹಗ್ಗ ಡ್ರಮ್ಮುಗಳಿಗೇ ಇತ್ತು. ತುದಿಗಳನ್ನು ಏಣಿಯ ನೆತ್ತಿಗೆ ಕಟ್ಟಿದ್ದರು. ಅಂಗಳದ ಕಂಬಕ್ಕೆ ರಾಟೆ ಹಾಕಿ ನಾಲ್ಕು ಜನ ಎಳೆದರು. ಎರಡು ಡ್ರಮ್ಮು ಮೇಲೆ ಬಂದವು. ಮೂರನೆಯದರ ಹಗ್ಗ ಬಿಚ್ಚಿಕೊಂಡು ಒಳಗೆ ಬಿದ್ದುಹೋಯಿತು.

"ಒಂದೇ ನಿಮಿಷ. ಉಸಿರು ಬಿಗಿಹಿಡಿದು ಇಳಿದು ಗಂಟು ಹಾಕಿ ಬಂದುಬಿಡ್ತೀನಿ" ಎಂದರು ಕರಿಯಪ್ಪ. ಮೂರು ವರ್ಷ ಬಳ್ಳಿ ಸಾಕಿದ ಮನುಷ್ಯ. ಅವರ ಸಂಕಟ ನಮಗೆ ಕಾಣುತ್ತಿತ್ತು.

ಹಾಲಮ್ಮ ಏಣಿಯನ್ನು ಮೇಲಕ್ಕೆ ಎಳೆದುಕೊಂಡು ಅದರ ಮೇಲೆ ಕೂತುಬಿಟ್ಟಳು.

ಬಾವಿಗೆ ಬಿದ್ದ ಕೊಡ ಎತ್ತುವ ಪಾತಾಳಗರಡಿಯನ್ನು ನಮ್ಮ ಮನೆಯಿಂದ ತಂದೆ. ಅರ್ಧ ಗಂಟೆ ಹೆಣಗಾಡಿದ ಮೇಲೆ ಅದರ ಕೊಂಡಿ ಡ್ರಮ್ಮಿನ ಅಂಚಿಗೆ ಸಿಕ್ಕಿತು. ಎಳೆದಾಗ ಡ್ರಮ್ಮು ಮಗುಚಿತು. ಗಳಗಳ ಸದ್ದು ಕೇಳಿಸಿತು, ಅಷ್ಟೆ. ಕರಿಯಪ್ಪ ಸ್ವಲ್ಪ ಹೊತ್ತು ತಲೆ ಮೇಲೆ ಕೈಹೊತ್ತು ಕೂತರು. ಆಮೇಲೆ ಎದ್ದು, "ಇರ್ಲಿ ಬಿಡಿ. ಬಳ್ಳಿ ಮುಂದಿನ ವರ್ಷ ಮತ್ತೆ ಬಿಡುತ್ತೆ" ಎಂದರು.

ಉಳಿದ ಎರಡನ್ನು ಹಿತ್ತಿಲ ಮಾಡಿನಲ್ಲಿ, ಎರಡೂ ಕಡೆ ಗಾಳಿಯಾಡುವಲ್ಲಿ ಇಟ್ಟು ಒದ್ದೆ ಗೋಣಿ ಸುತ್ತಿದರು. ತಂಪಿಗೆ ಅಷ್ಟೇ ಸಾಕಾಯಿತು. ಮುಂದಿನ ವಾರ ಹಗೇವಿಗೆ ಮಣ್ಣು ತುಂಬಿಸಿದರು. ಮೊದಲ ಬುಟ್ಟಿ ಮಣ್ಣು ಕಾಶಮ್ಮನೇ ಸುರಿದರು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲೂ ಹಗೇವೋ ಹಾಳುಬಾವಿಯೋ ಇರಬಹುದು. ಅದಕ್ಕೆ ಇಳಿಯಬೇಡಿ, ಯಾರನ್ನೂ ಇಳಿಸಬೇಡಿ. ಹುಳಿಯುವ ಯಾವುದನ್ನೂ ಗಾಳಿಯಿಲ್ಲದ ಕಡೆ ಇಡಬೇಡಿ. ಗೋಬರ್ ಗ್ಯಾಸ್ ತೊಟ್ಟಿ, ಶೌಚದ ಗುಂಡಿಗಳ ಹತ್ತಿರ ದೀಪವನ್ನೂ ತರಬೇಡಿ, ಅಲ್ಲಿಯ ಅನಿಲಕ್ಕೆ ಬೆಂಕಿಯೇ ಹತ್ತುತ್ತದೆ. ಒಳಗೆ ಯಾರಾದರೂ ಬಿದ್ದರೆ ಕರುಳು ಎಷ್ಟೇ ಹಿಂಡಿದರೂ ಹಿಂದೆಯೇ ಇಳಿಯಬೇಡಿ. ಮೇಲಿನಿಂದಲೇ ಹಗ್ಗ ಹಾಕಿ ಎಳೆಯಲು ನೋಡಿ, ಊರವರನ್ನು ಕೂಗಿ, ಅಗ್ನಿಶಾಮಕದವರಿಗೆ 101ಕ್ಕೆ ಫೋನ್ ಮಾಡಿ.

ಇನ್ನೊಂದು ಮಾತು. ಗುಂಡಿಯಿಂದ ಮೇಲೆ ಬಂದವರು ತಲೆ ತಿರುಗುತ್ತಿದೆ ಎಂದರೆ ನಗಬೇಡಿ. ನಾನು ನಕ್ಕಿದ್ದೆ.