ಗಡಿಗೆಯ ಮೇಲಿನ ಬೋರ್ಡು

ಉರುಕುಂದಪ್ಪನವರು ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಮೂವತ್ತು ವರ್ಷ ಮೀಟರುಗಳ ಮುಖ ನೋಡಿ, ನಿವೃತ್ತರಾಗಿ ರಾಯಚೂರಿನ ಮನೆಯ ಪಡಸಾಲೆಯಲ್ಲಿ ಕೂತರು. ಸುಮ್ಮನೆ ಕೂಡಲಿಲ್ಲ. ಲೋಕದ ಜನರೆಲ್ಲ ಸೇರಿ ಬರೆದು ಪುಕ್ಕಟೆ ಹಂಚುವ ಲಿನಕ್ಸ್ ಎಂಬ ಕಂಪ್ಯೂಟರ್ ತಂತ್ರಾಂಶವನ್ನು ಹೊಸ ಸರ್ಕ್ಯೂಟ್ ಬೋರ್ಡುಗಳಿಗೆ ಒಗ್ಗಿಸುವುದನ್ನು ಕಲಿತರು. ಅದು ದಾಸೋಹದಂಥ ಕೆಲಸ, ಉಂಡವರೇ ಎದ್ದು ಬಡಿಸುವಂಥದು ಎಂದು ಅವರ ಭಾವ.

ಓಣಿಯ ಇಂಜಿನಿಯರ್ ಹುಡುಗಿ ಆತಿಯಾ ಅಂಗೈಯಗಲದ ಬೋರ್ಡೊಂದನ್ನು ಮಾಡಿದ್ದಳು; ಅದಕ್ಕೆ ಲಿನಕ್ಸ್ ಒಗ್ಗಿಸುವ ಹೊಣೆ ಉರುಕುಂದಪ್ಪನವರದು. ದೇವದುರ್ಗದ ಗೂಗಲ್ಲಿನಲ್ಲಿ ಕೃಷ್ಣೆ ಏರಿದರೆ ದಂಡೆಯವರನ್ನು ಕೂಗಿ ಎಬ್ಬಿಸುವುದು ಅದರ ಕೆಲಸ. ದೂರದೇಶದಲ್ಲಿ ಕೂತು ಲಿನಕ್ಸನ್ನು ನೋಡಿಕೊಳ್ಳುವ ಹಿರಿಯರು ಒಪ್ಪಿದರಷ್ಟೇ ಅದನ್ನು ಕೂಡಿಸುತ್ತೇವೆಂದು ಊರವರು ಹೇಳಿದ್ದರು. ಹಿರಿಯರದು ಒಂದೇ ಷರತ್ತು: ಎಪ್ಪತ್ತೆರಡು ತಾಸು ನಿಲ್ಲದೆ ನಡೆದ ಪುರಾವೆ, ಮುಂದಿನ ವಾರದ ಶುಕ್ರವಾರ ಸಂಜೆಯೊಳಗೆ. ತಪ್ಪಿದರೆ ಮುಂದಿನ ಸರದಿ ಬರುವಷ್ಟರಲ್ಲಿ ಹೊಳೆಯೇ ಬಂದಿರುತ್ತದೆ.

ಬೋರ್ಡು ಬೆಳಿಗ್ಗೆ ಚಂದ ನಡೆಯುತ್ತಿತ್ತು. ಮಧ್ಯಾಹ್ನ ಎರಡಾಯಿತೋ, ದೀಪ ಆರಿಸಿ ಮಲಗುತ್ತಿತ್ತು. ಮೂರು ದಿನ ಇದೇ ಹಾಡು.

"ಥೇಟ್ ನಿಮ್ಮಂಗೇ ನೋಡ್ರಿ. ಉಂಡು ಅಡ್ಡ ಆಗ್ತದ," ಎಂದಳು ಹೆಂಡತಿ ಗೋಪಮ್ಮ.

"ಇದಕ್ಕ ಊಟ ಎಲ್ಲಿ ಅದ ಬೇ?"

"ಕರೆಂಟ್ ತಿನ್ನಾಕತ್ತದಲ್ಲ!"

ನಾಲ್ಕನೇ ದಿನ ಅವರು ಗೂಗಲ್ಲಿನ ಅಲ್ಲಮಪ್ರಭುವನ್ನು ನೆನೆದು, ಬೋರ್ಡಿನ ಡಬ್ಬಿಗೆ ವಿಭೂತಿ ಹಚ್ಚಿದರು. ಅದೇ ಹೊತ್ತಿಗೆ ಗೋಪಮ್ಮ ಡಬ್ಬಿ ಮುಟ್ಟಿ, "ಯವ್ವಾ, ಸುಡಾಕತ್ತದ!" ಎಂದು ಅದನ್ನೊಯ್ದು, ಹಸಿ ಬಟ್ಟೆ ಸುತ್ತಿದ ನೀರಿನ ಗಡಿಗೆಯ ಮುಚ್ಚಳದ ಮೇಲಿಟ್ಟಳು. ಎರಡು ದಾಟಿದರೂ ಬೋರ್ಡು ಎಚ್ಚರವಿತ್ತು. ಅವತ್ತು, ಮರುದಿನ, ಅದರ ಮರುದಿನವೂ.

ಉರುಕುಂದಪ್ಪನವರು ವಿಭೂತಿಯನ್ನು ಕೊಂಡಾಡಿದರು. ಓಣಿಯವರು ಗಡಿಗೆಯನ್ನು ಕೊಂಡಾಡಿದರು. ಪಕ್ಕದ ಮನೆಯ ದಾವಲ್ ಬೀ ತನ್ನ ಸತ್ತ ಮೊಬೈಲನ್ನೂ ತಂದು ಅದರ ಮೇಲಿಟ್ಟು ಕಾದಳು. ಗಡಿಗೆ ಅಲ್ಲಾಡಬಾರದೆಂದು ಮನೆಮಂದಿಯೆಲ್ಲ ಆ ಬೇಸಿಗೆಯಲ್ಲಿ ನಲ್ಲಿಯ ಬಿಸಿ ನೀರು ಕುಡಿದರು.

ಮಂಗಳವಾರ ಬೆಳಿಗ್ಗೆ ಉರುಕುಂದಪ್ಪನವರು ಪುರಾವೆ ಬರೆಯಲು ಕೂತರು. ಅದರಲ್ಲೊಂದು ಪ್ರಶ್ನೆ: ತಂಪು ಮಾಡುವ ಸಾಧನ ಬಳಸಿದ್ದೀರಾ? ಬೆರಳು ಅಲ್ಲೇ ನಿಂತಿತು.

"ಇಲ್ಲ ಅಂತ ಬರೀರಿ ಕಾಕಾ," ಎಂದಳು ಆತಿಯಾ. "ಗಡಿಗಿ ಏನು ಮಷೀನೇನ್ರಿ?"

"ಗಡಿಗಿ ತಂಪು ಮಾಡಂಗಿಲ್ಲ ಅಂತ ನಿನ್ನ ಬಾಯಿಲೆ ಹೇಳವಾ, ಬರೀತೀನಿ."

ಆತಿಯಾ ಗಡಿಗೆಯ ಹಸಿ ಬಟ್ಟೆ ಮುಟ್ಟಿ ನೋಡಿ ಕೈ ಹಿಂತೆಗೆದಳು.

"ಹೊಳಿ ದಂಡ್ಯಾಗ ಇದಕ್ಕ ದಿನಾ ಗಡಿಗಿ ತುಂಬಾಕ ಯಾರು ಕುಂತಾರ?" ಎಂದರು ಉರುಕುಂದಪ್ಪನವರು.

ತಂಪು ಎಂಬ ಮಾತೇ ಅವರ ಕಣ್ಣು ತೆರೆಸಿತು. ಲಿನಕ್ಸನ್ನು ಒಗ್ಗಿಸುವಾಗ, ಹಿಮ ಬೀಳುವ ನಾಡಿನವರು ತಮ್ಮ ಬೋರ್ಡಿಗೆ ಬರೆದ ಕಡತವೊಂದನ್ನು ಅವರು ಹಾಗೇ ಇಳಿಸಿಕೊಂಡಿದ್ದರು. ತೆಗೆದು ನೋಡಿದರೆ ಅದರಲ್ಲಿತ್ತು: ಬೋರ್ಡಿನ ಮಿದುಳಾದ ಚಿಪ್ಪಿನ ಶಾಖ ಅರವತ್ತು ಡಿಗ್ರಿ ದಾಟಿದರೆ ಬೆಂಕಿ ಬಿದ್ದಿದೆಯೆಂದು ತಿಳಿದು ಆರಿಸು. ಅಲ್ಲಿ ಅದು ಬೆಂಕಿ. ರಾಯಚೂರಿನಲ್ಲಿ ಅದು ಮಧ್ಯಾಹ್ನ. ಚಿಪ್ಪೇನೋ ನೂರರ ತನಕ ತಾಳುವಂಥದು.

"ದೇವರಿಗೆ ನಾಕು ದಿನ ಕೈ ಮುಗದೆ," ಎಂದು ಹಣೆ ಬಡಿದುಕೊಂಡರು, "ಈ ಒಂದು ಸಾಲು ಓದಲಿಲ್ಲ!"

"ದೇವರೂ ಅದನ್ನೇ ಹೇಳಾಕತ್ತಿದ್ದ," ಎಂದಳು ಗೋಪಮ್ಮ. "ನಿಮಗ ಕೇಳ್ಬೇಕಲ್ಲ."

ಅರವತ್ತನ್ನು ತೊಂಬತ್ತು ಮಾಡಿದರು. ನಡೆದ ತಾಸುಗಳನ್ನೆಲ್ಲ ಬಿಟ್ಟುಕೊಟ್ಟು, ಅಂದೇ ಮಧ್ಯಾಹ್ನ ಎರಡು ಗಂಟೆಗೆ ಮತ್ತೆ ಸೊನ್ನೆಯಿಂದ ಶುರು. ಈ ಸಲ ಬೋರ್ಡು ಪಡುವಣ ಕಿಟಕಿಯ ಕಟ್ಟೆಯ ಮೇಲೆ, ಉರಿಬಿಸಿಲಿಗೆ. ಬುಧವಾರ ಎರಡು ದಾಟಿತು. ಗುರುವಾರವೂ ದಾಟಿತು. ಶುಕ್ರವಾರ ಎರಡಕ್ಕೆ ಆತಿಯಾ ದುಪಟ್ಟಾದ ತುದಿ ಕಚ್ಚಿ ನಿಂತಿದ್ದಳು, ಗೋಪಮ್ಮ ಬೀಸಣಿಗೆಯನ್ನು ಬೋರ್ಡಿನತ್ತ ಚಾಚಿ ಬೈಸಿಕೊಂಡಳು. ಎರಡು ಮುಗಿಯಿತು, ದೀಪ ಮಿಟುಕುತ್ತಲೇ ಇತ್ತು.

ಉರುಕುಂದಪ್ಪನವರು ಗಡಿಗೆಯ ಕಥೆಯನ್ನೂ ಮುಚ್ಚಿಡದೆ ಬರೆದು ಕಳಿಸಿದರು. ಸಂಜೆ ಉತ್ತರ ಬಂತು: ಬೋರ್ಡು ಒಪ್ಪಿತವಾಗಿದೆ. ಕೆಳಗೊಂದು ಸಾಲು: ಆ ಗಡಿಗೆ ಎಂಬ ಸಾಧನ ಎಲ್ಲಿ ದೊರೆಯುತ್ತದೆ, ನಮಗೂ ಬೇಕಾಗಿತ್ತು.

"ಮಾನ್ವಿ ಸಂತ್ಯಾಗ ಅಂತ ಬರೀರಿ," ಎಂದಳು ಗೋಪಮ್ಮ, ಅದೇ ಗಡಿಗೆಯಿಂದ ತಂಪು ನೀರು ತುಂಬಿ ಗಂಡನ ಕೈಗೆ ಕೊಡುತ್ತ. "ಬಡದು, ಸಪ್ಪಳ ಕೇಳಿ ತಗೋಬೇಕು ಅಂತಾನೂ ಬರೀರಿ. ಪಾಪ, ಅವರಿಗೇನು ಗೊತ್ತು."