ಪ್ರಶ್ನೆಗಿಂತ ಮೊದಲೇ ಬಂದ ಉತ್ತರ

ಗುಳೇದಗುಡ್ಡದ ಹುಚ್ಚೇಶ ಮನೆಯಲ್ಲಿ ಕೂತು ಹಾಡು ರೆಕಾರ್ಡ್ ಮಾಡಿದರೆ, ಬಾದಾಮಿ ಗುಹೆಯ ಕಲ್ಲಿನ ನಟರಾಜ ಹದಿನೆಂಟೂ ಕೈಯೆತ್ತಿ ಒಂಬತ್ತು ಜೋಡಿ ಚಪ್ಪಾಳೆ ತಟ್ಟುತ್ತಿದ್ದ. ಹೇಳಿದವನು ಹುಚ್ಚೇಶನೇ, ಅನುಮಾನವಿದ್ದವರು ನಟರಾಜನನ್ನು ಕೇಳಿಕೊಳ್ಳಬಹುದಿತ್ತು.

೨೦೦೪ರಲ್ಲಿ ಅವನು ನಡುಮನೆಯ ಮಗ್ಗ ಬಿಚ್ಚಿ ಅಟ್ಟಕ್ಕೇರಿಸಿ, ಆ ಜಾಗದಲ್ಲಿ ಆನೆಯಂಥ ಕಂಪ್ಯೂಟರ್ ತಂದಿಟ್ಟ. ಸದ್ದು ತಡೆಯಲು ಗೋಡೆಗೆಲ್ಲ ಕೌದಿ ಹೊಡೆದ. ಆದರೂ ಓಣಿಯ ಉಳಿದ ಮಗ್ಗಗಳು ಬಾಯಿ ಮುಚ್ಚುತ್ತಿದ್ದುದು ಅಮವಾಸ್ಯೆಯ ರಜೆಯಂದು ಮಾತ್ರ. ರೆಕಾರ್ಡಿಂಗಿಗೆ ತಿಂಗಳಿಗೆ ಒಂದೇ ದಿನ. ಮೂರು ಅಮವಾಸ್ಯೆ ಹೋದವು, ಒಂದು ಹಾಡೂ ಮುಗಿಯಲಿಲ್ಲ.

ನಾಲ್ಕನೆಯ ಅಮವಾಸ್ಯೆಯ ಬೆಳಿಗ್ಗೆ ಹೆಂಡತಿ ಶೇಖವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಳು. "ಇವತ್ತ ಹಾಡು ಮುಗೀಲಿಲ್ಲಂದ್ರ ನಾಳೆ ಮಗ್ಗ ಕೆಳಗ ಇಳೀತೈತ್ರಿ, ನಿಮ್ಮ ಡಬ್ಬಿ ಮ್ಯಾಲ ಏರತೈತಿ."

"ಹೊಸಾ ಪದ್ಧತಿ ತಗದೇನಿ, ಹುಚ್ಚಿ! ಒಬ್ಬೊಬ್ಬರದು ಬ್ಯಾರೆ ಬ್ಯಾರೆ ಹಿಡಿಯೂದು, ಆಮ್ಯಾಲ ಕೂಡಸೂದು. ದಿನದ ಕೆಲಸ ತಾಸಿನ್ಯಾಗ!"

ಹಾಡುವವರು ಕುರಿಗಾರರ ದೇವರು ಬೀರಪ್ಪನ ಭಕ್ತರಾದ ಮುದಕಪ್ಪ ಮತ್ತು ರಂಗವ್ವ. ಅವರ ಡೊಳ್ಳಿನ ಪದದಲ್ಲಿ ಒಬ್ಬರು ಪ್ರಶ್ನೆ ಒಗೆಯಬೇಕು, ಇನ್ನೊಬ್ಬರು ನಿಂತ ನಿಲುವಿನಲ್ಲೇ ಉತ್ತರ ಕಟ್ಟಬೇಕು. ರಂಗವ್ವ ಬರುವುದು ತಡವಾಯಿತು. ಹೊತ್ತು ಕೆಡಬಾರದೆಂದು ಹುಚ್ಚೇಶ ಮೊದಲು ಮುದಕಪ್ಪನ ಉತ್ತರವನ್ನೇ ಹಿಡಿಯಲು ಹೊರಟ.

"ಪ್ರಶ್ನಿನ ಬಂದಿಲ್ಲಲೇ ತಮ್ಮಾ, ಯಾರಿಗೆ ಉತ್ತರಾ ಕೊಡ್ಲಿ?" ಎಂದ ಮುದಕಪ್ಪ.

"ಆಕಿ ಏನ ಕೇಳ್ತಾಳ ನಿಮಗ ಗೊತ್ತಿಲ್ಲೇನ್ರಿ ಕಾಕಾ? ಹಾಡ್ರಿ!"

ಮುದಕಪ್ಪ ಲೋಕದಲ್ಲಿ ಮೊದಲ ಕುರಿ ಹುಟ್ಟಿದ ಬಗೆ ಹಾಡಿದ. ರಂಗವ್ವ ಬಂದಳು, ಹೆಡ್‌ಫೋನ್ ಏರಿಸಿಕೊಂಡು ಅದನ್ನು ಕೇಳಿ ಕಿಸಕ್ಕನೆ ನಕ್ಕಳು. ಎದುರಾಳಿಯ ಉತ್ತರ ಮುಂಚೆಯೇ ಕೈಗೆ ಸಿಕ್ಕರೆ ಯಾರು ಬಿಟ್ಟಾರು? ಕುರಿಯ ಸುದ್ದಿಯನ್ನೇ ಎತ್ತದೆ, ಕಂಬಳಿಯ ಉದ್ದವೆಷ್ಟೆಂದು ಪ್ರಶ್ನೆ ಒಗೆದಳು.

"ನಾ ಸೋತಂಗ ಆತಲ್ಲೋ! ಮತ್ತ ಹಿಡಿ!" ಎಂದು ಮುದಕಪ್ಪ ಕಂಬಳಿಗೆ ಉತ್ತರ ಕಟ್ಟಿದ. ಅದನ್ನು ಕೇಳಿದ ರಂಗವ್ವ ಮತ್ತೆ ಪ್ರಶ್ನೆ ಬದಲಿಸಿದಳು.

ಮಧ್ಯಾಹ್ನಕ್ಕೆ, ಹುಚ್ಚೇಶನ ಲೆಕ್ಕದಲ್ಲಿ, ಎಂಟು ಸಾವಿರ ತುಂಡುಗಳಾದವು. ಯಾವ ಉತ್ತರ ಯಾವ ಪ್ರಶ್ನೆಯದು? ಹುಚ್ಚೇಶ ಕೂಡಿಸಿದ, ಬಿಚ್ಚಿದ, ಮತ್ತೆ ಕೂಡಿಸಿದ. ಬೀರಪ್ಪನ ತಾಯಿ ಯಾರೆಂದು ರಂಗವ್ವ ಕೇಳಿದರೆ, ಮುದಕಪ್ಪ ಭಕ್ತಿಯಿಂದ "ಏಳು ಮೊಳ" ಎನ್ನುತ್ತಿದ್ದ. ಕುರಿಯನ್ನು ಅಳಿಸಿದರೆ ಕಂಬಳಿ ಹೋಗುತ್ತಿತ್ತು. ಅಳಿಸಿದ್ದು ಯಾವುದು, ಉಳಿಸಿದ್ದು ಯಾವುದು ಎಂಬುದೂ ಮರೆತುಹೋಗಿ ಅವನ ತಲೆ ಗಿರ್ರೆಂದಿತು.

ಸಂಜೆ ಶೇಖವ್ವ ಹಾಡು ಕೇಳಲು ಕೂತಳು. ಪ್ರಶ್ನೆಗೆ ತಕ್ಕ ಉತ್ತರ, ಉತ್ತರಕ್ಕೆ ತಕ್ಕ ಏಟು. ಹಾಡು ಬೆಣ್ಣೆಯಂತೆ ಹರಿಯಿತು.

"ಎಂಟ ಸಾವಿರ ತುಂಡು ಕೂಡ್ಸೇನಿ," ಎಂದ ಹುಚ್ಚೇಶ ಮೀಸೆ ತಿರುವಿ. "ಎಲ್ಲೆರ ಹೊಲಗಿ ಕಾಣತೈತೇನು?"

"ಇಲ್ರಿ, ಭಾಳ ಚಂದ ಐತಿ. ಆದ್ರ ನಡಕ 'ರೊಟ್ಟಿ ಆರತಾವ, ಉಣ್ಣಾಕ ಏಳ್ರಿ' ಅಂದಾಕಿ ಯಾರು?"

"ಅದು... ಕೋರಸ್."

"ಅದು ನಾನ್ರಿ! ಅಂಗಳದಾಗ ಅವರಿಬ್ಬರೂ ಎದರಾಬದರಾ ಕೂತು ಜಗಳಾಡಿದಂಗ ಹಾಡೂ ಹೊತ್ತಿನ್ಯಾಗ ಕರದಿದ್ದೆ. ನನ್ನ ಯಾವ ತುಂಡಿನಾಗ ಹಿಡದ್ರಿ?"

ಹುಚ್ಚೇಶ ಮೀಸೆಯಿಂದ ಕೈ ತೆಗೆದ.

"ಖರೆ ಹೇಳ್ತೇನಿ. ತುಂಡು ಹನ್ನೊಂದ ಇದ್ದವು, ಒಂದೂ ಕೂಡ್ಲಿಲ್ಲ. ಅವರು ಹೊರಗ ತಾವ ಸುರು ಹಚ್ಚಿದ್ರು. ನಾ ಕಿಟಕ್ಯಾಗಿಂದ ಮೈಕ್ ಚಾಚಿ ಸುಮ್ನ ಹಿಡಕೊಂಡ ನಿಂತೆ. ಈ ಕೌದಿ ಹೊಡದ ಖೋಲಿ ಬೇಕಾಗ್ಲೇ ಇಲ್ಲ. ಏಣಿ ತಾ, ಮಗ್ಗ ಇಳಸೂನು."